ನಾಲ್ಕು ಟೀಮು ನೋಡುವ ಅಭಿಮಾನಿಗೆ ನೆಮ್ಮದಿ ಇದೆಯಾ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಬಸವನಗುಡಿಯವನು, ವಯಸ್ಸು 41. ಐಪಿಎಲ್‌ನ ಆರ್‌ಸಿಬಿ, ಫುಟ್‌ಬಾಲಿನ ಬೆಂಗಳೂರು ಎಫ್‌ಸಿ (ಬಿಎಫ್‌ಸಿ), ಕಬಡ್ಡಿಯ ಬೆಂಗಳೂರು ಬುಲ್ಸ್, ಜೊತೆಗೆ ಕರ್ನಾಟಕದ ರಣಜಿ ಟೀಮು, ಇಷ್ಟನ್ನೂ ಬಿಡದೆ ನೋಡುತ್ತೇನೆ. ಯಾವಾಗ ನೋಡಿದರೂ ಇವರಲ್ಲಿ ಯಾರೋ ಒಬ್ಬರು ಸೋಲುತ್ತಿರುತ್ತಾರೆ. ಸೋತ ದಿನ ಊಟ ಸೇರುವುದಿಲ್ಲ, ನಿದ್ದೆ ಬರುವುದಿಲ್ಲ, ಯಾರ ಜೊತೆಗೂ ಮಾತು ಬೇಡ ಅನ್ನಿಸುತ್ತದೆ. 2017, 2019 ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಸಂಕಟ. 2025ರಲ್ಲಿ ಆರ್‌ಸಿಬಿಗೆ ಕಪ್ ಬಂತು, ಮರುದಿನವೇ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ಆ ಕಾಲ್ತುಳಿತ. ಖುಷಿ ಪಡಬೇಕೋ ಬೇಡವೋ ತಿಳಿಯಲಿಲ್ಲ. ಅಪ್ಪನಿಗೆ 69, ಸ್ಟೆಂಟ್ ಹಾಕಿದೆ. ಅವರೂ ನನ್ನ ಪಕ್ಕದಲ್ಲೇ ಕೂತು ನೋಡುತ್ತಾರೆ. ಮೊನ್ನೆ ಒಂಬತ್ತು ವರ್ಷದ ಮಗಳು ಅವಳ ಅಮ್ಮನ ಹತ್ತಿರ, "ಇವತ್ತು ಯಾರ ಮ್ಯಾಚು? ಸೋತ್ರೆ ಅಪ್ಪ ಮಾತಾಡಲ್ಲ ಅಲ್ವಾ?" ಎಂದು ಕೇಳಿದ್ದು ಕಿವಿಗೆ ಬಿತ್ತು. "ಎಲ್ಲ ಬಿಟ್ಟು ಒಂದೇ ಟೀಮು ಇಟ್ಟುಕೊಳ್ಳಿ" ಎನ್ನುತ್ತಾಳೆ ಹೆಂಡತಿ. ಏನು ಮಾಡಲಿ?

ಉತ್ತರ: ಯಾವ ಟೀಮನ್ನೂ ಬಿಡಬೇಡಿ. ನಿಮ್ಮ ಮನೆಯವರು ಹೇಳಿದ್ದು ಕಾಳಜಿಯಿಂದಲೇ. ಆದರೆ ಒಂದೇ ಟೀಮು ಇಟ್ಟುಕೊಂಡರೆ ಸಂಕಟ ಕಡಿಮೆಯಾಗಲ್ಲ, ಜಾಸ್ತಿಯಾಗುತ್ತದೆ. ಈಗ ನಾಲ್ಕು ಕಡೆ ಹಂಚಿಹೋಗಿರುವ ಆಸೆಯೆಲ್ಲ ಒಂದೇ ಕಡೆ ಬಂದು ಕೂರುತ್ತದೆ. ಆ ಒಂದು ಟೀಮು ಸೋತರೆ ಆ ವರ್ಷವೇ ಮುಗಿದಂತೆ.

ನಿಮ್ಮ ತೊಂದರೆ ಎಷ್ಟು ಟೀಮು ಅನ್ನುವುದರಲ್ಲಿಲ್ಲ. ನಾಲ್ಕನ್ನೂ ಒಂದೇ ಥರ ನೋಡುತ್ತಿದ್ದೀರಲ್ಲ, ಅಲ್ಲಿದೆ. ಆರ್‌ಸಿಬಿ ಕಪ್ಪಿಗೆ ಕಾಯುವುದನ್ನು ಕಲಿತ ಮನಸ್ಸು, ಉಳಿದ ಮೂರು ಕಡೆಯೂ ಬರೀ ಕಪ್ಪನ್ನೇ ಹುಡುಕುತ್ತಿದೆ. ಕಪ್ ಸಿಕ್ಕಿದಾಗಲೂ ಅದನ್ನು ಸರಿಯಾಗಿ ನೋಡುತ್ತಿಲ್ಲ. ಇದನ್ನು ಸುಮ್ನೆ ಹೇಳುತ್ತಿಲ್ಲ. ನೀವೇ ಬರೆದ 2019ನ್ನು ತೆಗೆದುಕೊಳ್ಳಿ.

ಆ ವರ್ಷ ಜನವರಿ 5ಕ್ಕೆ ಮುಂಬೈಯಲ್ಲಿ ಬೆಂಗಳೂರು ಬುಲ್ಸ್ ಪ್ರೊ ಕಬಡ್ಡಿ ಗೆದ್ದಿತು. ಗುಜರಾತ್ ವಿರುದ್ಧ 38–33. ಮೊದಲ ಅರ್ಧದಲ್ಲಿ ಹಿಂದೆ ಬಿದ್ದಿದ್ದ ಟೀಮನ್ನು ಪವನ್ ಸೆಹ್ರಾವತ್ ಎಳೆದು ತಂದರು. 38ರಲ್ಲಿ 22 ಪಾಯಿಂಟ್ ಅವರೊಬ್ಬರದೇ. ಜನವರಿ 13ಕ್ಕೆ ನಮ್ಮ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲೇ ಬೆಂಗಳೂರು ರ‍್ಯಾಪ್ಟರ್ಸ್ ಪ್ರೀಮಿಯರ್ ಬ್ಯಾಡ್ಮಿಂಟನ್ ಲೀಗ್ ಗೆದ್ದಿತು. ಮಾರ್ಚ್ 14ಕ್ಕೆ ಇಂದೋರಿನಲ್ಲಿ ಮನೀಶ್ ಪಾಂಡೆ ನಾಯಕತ್ವದ ಕರ್ನಾಟಕ, ಮಹಾರಾಷ್ಟ್ರವನ್ನು ಸೋಲಿಸಿ ಮೊದಲ ಸಲ ರಾಜ್ಯಗಳ ಟಿ20 ಕಪ್ಪಾದ ಸಯ್ಯದ್ ಮುಷ್ತಾಕ್ ಅಲಿ ಟ್ರೋಫಿ ಎತ್ತಿತು. ಮೂರೇ ದಿನ ಕಳೆದು, ಮಾರ್ಚ್ 17ಕ್ಕೆ, ಬಿಎಫ್‌ಸಿ ಮುಂಬೈಯಲ್ಲಿ ಫುಟ್‌ಬಾಲ್ ಲೀಗ್ ಐಎಸ್‌ಎಲ್ ಗೆದ್ದಿತು. ಎಫ್‌ಸಿ ಗೋವಾ ಜೊತೆ 90 ನಿಮಿಷದಲ್ಲಿ ಗೋಲಿಲ್ಲ. ಎಕ್ಸ್‌ಟ್ರಾ ಟೈಮ್ ಕೂಡ ಮುಗಿಯುತ್ತಾ ಬಂದಿತ್ತು. ಇನ್ನೇನು ಪೆನಾಲ್ಟಿ ಅನ್ನುವಾಗ, 117ನೇ ನಿಮಿಷದಲ್ಲಿ ಒಂದು ಕಾರ್ನರ್. ಡಿಮಾಸ್ ಡೆಲ್ಗಾಡೊ ಒದ್ದ ಚೆಂಡಿಗೆ ರಾಹುಲ್ ಭೆಕೆ ತಲೆ ಕೊಟ್ಟರು. 1–0.

ಎರಡೂವರೆ ತಿಂಗಳೊಳಗೆ ನಾಲ್ಕು ಕಪ್. ಒಂದೂರಿನ ಅಭಿಮಾನಿಗೆ ಇದಕ್ಕಿಂತ ಇನ್ನೇನು ಬೇಕು? ಮಾರ್ಚ್ 23ಕ್ಕೆ ಆರ್‌ಸಿಬಿ ಚೆಪಾಕ್‌ನಲ್ಲಿ 70ಕ್ಕೆ ಆಲೌಟ್ ಆಯಿತು. ಮೊದಲ ಆರೂ ಮ್ಯಾಚ್ ಸೋತಿತು. ಪಟ್ಟಿಯ ತಳದಲ್ಲಿ ಉಳಿಯಿತು. ಈಗ ನಿಮಗೆ 2019 ಅಂದರೆ ನೆನಪಾಗುವುದು ಅದೊಂದೇ. ಬುಲ್ಸ್, ಬಿಎಫ್‌ಸಿ, ಕರ್ನಾಟಕ ಮೂರೂ ನಿಮ್ಮ ಪಟ್ಟಿಯಲ್ಲಿ ಇರುವ ಟೀಮುಗಳೇ. ಆ ಮೂರೂ ಗೆದ್ದ ವರ್ಷವನ್ನು ನೀವು ಸಂಕಟದ ಲೆಕ್ಕಕ್ಕೆ ಬರೆದಿದ್ದೀರಿ.

ಇದು ನಿಮ್ಮೊಬ್ಬರ ಸ್ವಭಾವವಲ್ಲ. ಮನಸ್ಸು ಇರುವುದೇ ಹಾಗೆ. ಇಂಗ್ಲೆಂಡಿನಲ್ಲಿ ಪೀಟರ್ ಡಾಲ್ಟನ್, ಜಾರ್ಜ್ ಮ್ಯಾಕೆರಾನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಮೊಬೈಲ್ ಆ್ಯಪ್ ಇಟ್ಟುಕೊಂಡು ಸಾವಿರಾರು ಜನರ ಮನಸ್ಥಿತಿಯನ್ನು ಆಗಿಂದಾಗ್ಗೆ ಕೇಳಿ ದಾಖಲಿಸಿದರು. ಅದನ್ನು ಫುಟ್‌ಬಾಲ್ ಫಲಿತಾಂಶಗಳ ಜೊತೆ ಹೋಲಿಸಿ ನೋಡಿದರು. ತಮ್ಮ ಟೀಮು ಗೆದ್ದಾಗ ಆಗುವ ಖುಷಿಗಿಂತ ಸೋತಾಗ ಆಗುವ ಬೇಸರ ಸುಮಾರು ಎರಡು ಪಟ್ಟು ಇತ್ತು. ಅಂದರೆ ನಿಮ್ಮ ಟೀಮು ಅರ್ಧ ಮ್ಯಾಚು ಗೆದ್ದು ಅರ್ಧ ಸೋತರೂ, ಬರೀ ಫಲಿತಾಂಶ ಲೆಕ್ಕ ಹಾಕುವವನಿಗೆ ನಷ್ಟವೇ. ಗೆಲುವಿಗೆ ಮಾತ್ರ ಕಾಯುವವರ ಲೆಕ್ಕ ಯಾವತ್ತೂ ಸರಿಹೋಗಲ್ಲ.

ಸ್ವಲ್ಪದರಲ್ಲಿ ಸೋತರಂತೂ ಇನ್ನೂ ಕಷ್ಟ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನ ವಿಡಿಯೊಗಳನ್ನು ಇಟ್ಟುಕೊಂಡು ಅಮೆರಿಕದ ಮನೋವಿಜ್ಞಾನಿಗಳು 1995ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬೆಳ್ಳಿ ಗೆದ್ದವರಿಗಿಂತ ಕಂಚು ಗೆದ್ದವರ ಮುಖದಲ್ಲಿ ಜಾಸ್ತಿ ಸಂತೋಷ ಕಂಡಿತು. ಕಂಚಿನವರು ಪದಕವಾದರೂ ಸಿಕ್ಕಿತಲ್ಲ ಅಂದುಕೊಳ್ಳುತ್ತಾರೆ. ಬೆಳ್ಳಿಯವರ ಕಣ್ಣೆಲ್ಲ ಕೈತಪ್ಪಿದ ಚಿನ್ನದ ಮೇಲೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವ ನೋವು ನಮ್ಮ ಊರಿನ ಅಭಿಮಾನಿಗಳಿಗೆ ಚೆನ್ನಾಗಿ ಗೊತ್ತು. 2009ರ ಮೇ ತಿಂಗಳಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಐಪಿಎಲ್ ಫೈನಲ್. ಕುಂಬ್ಳೆ 16 ರನ್ನಿಗೆ 4 ವಿಕೆಟ್ ತೆಗೆದರು, ಆರ್‌ಸಿಬಿ 6 ರನ್ನಿನಿಂದ ಸೋತಿತು. ಎಂಟು ತಿಂಗಳೂ ಆಗಿರಲಿಲ್ಲ, 2010ರ ಜನವರಿಯಲ್ಲಿ ಮೈಸೂರಿನಲ್ಲಿ ರಣಜಿ ಫೈನಲ್. ಮನೀಶ್ ಪಾಂಡೆ 144 ಹೊಡೆದರು, ಕರ್ನಾಟಕ ಮುಂಬೈಗೆ ಸೋತದ್ದು ಮತ್ತೆ 6 ರನ್ನಿನಿಂದ. 2016ರ ಐಪಿಎಲ್ ಫೈನಲ್ ಅಂತೂ ನಮ್ಮ ಚಿನ್ನಸ್ವಾಮಿಯಲ್ಲೇ ನಡೆಯಿತು. ಗೇಲ್ ಮತ್ತು ಕೊಹ್ಲಿ ಮೊದಲ ವಿಕೆಟ್ಟಿಗೆ 114 ಸೇರಿಸಿದ್ದರು. 209 ಬೇಕಿತ್ತು, 200ಕ್ಕೆ ನಿಂತಿತು. ಆ ಸೀಸನ್ನಿನಲ್ಲಿ ಕೊಹ್ಲಿ ಹೊಡೆದದ್ದು 973 ರನ್. ಕೊನೆಗೆ 2025ರ ಜೂನ್ 3ಕ್ಕೆ ಅಹಮದಾಬಾದಿನಲ್ಲಿ ಪಂಜಾಬ್ ವಿರುದ್ಧ ಆರ್‌ಸಿಬಿ ಗೆದ್ದ ಅಂತರ ಎಷ್ಟು ಗೊತ್ತಲ್ಲ? ಅದೂ 6 ರನ್. ಒಂದು ಸಿಕ್ಸರ್ ಆಚೀಚೆ ಆಗಿದ್ದರೆ 6 ರನ್ನಿನ ಈ ಮೂರೂ ಕಥೆ ಬೇರೆಯಾಗಿರುತ್ತಿತ್ತು. ಟೀಮಿನ ಯೋಗ್ಯತೆ, ಅಭಿಮಾನಿಯ ನಿಷ್ಠೆ ಯಾವುದನ್ನೂ ಆ 6 ರನ್ನಿನಿಂದ ಅಳೆಯಲು ಬರುವುದಿಲ್ಲ.

2017ರ ವಿಷಯಕ್ಕೆ ಬರೋಣ. ನಿಮಗೆ ಕಾಡುವುದು ಕೋಲ್ಕತ್ತಾದ ಆ 49 ಆಲೌಟ್ ಇರಬೇಕು. ಅದು ನಡೆದದ್ದು ಏಪ್ರಿಲ್ 23ಕ್ಕೆ. ಅದಕ್ಕೆ ಸರಿಯಾಗಿ ನಾಲ್ಕು ವರ್ಷ ಹಿಂದೆ, 2013ರ ಏಪ್ರಿಲ್ 23ಕ್ಕೆ, ಇದೇ ಟೀಮು ಚಿನ್ನಸ್ವಾಮಿಯಲ್ಲಿ ಪುಣೆ ವಿರುದ್ಧ 263 ಹೊಡೆದಿತ್ತು. ಗೇಲ್ ಒಬ್ಬರೇ ಔಟಾಗದೆ 175. ಆ ದಿನ ಅದು ಐಪಿಎಲ್‌ನಲ್ಲೇ ಅತಿ ದೊಡ್ಡ ಮೊತ್ತ. 49 ಬಂದ ದಿನ ಅದು ಅತಿ ಚಿಕ್ಕ ಮೊತ್ತ. ಎರಡೂ ಒಂದೇ ಟೀಮಿನದು, ಒಂದೇ ತಾರೀಖಿನದು. ನಿಮ್ಮ ಪತ್ರದಲ್ಲಿ 2013 ಎಲ್ಲೂ ಇಲ್ಲ, ನೋಡಿ.

ಹಾಗಾದರೆ ಇಷ್ಟೆಲ್ಲ ನೋವಿದ್ದರೂ ಜನ ಯಾಕೆ ಬಿಡುವುದಿಲ್ಲ? 1976ರಲ್ಲಿ ರಾಬರ್ಟ್ ಸಿಯಾಲ್ಡಿನಿ ಮತ್ತು ಜೊತೆಗಾರರು ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳಲ್ಲಿ ಒಂದು ಸರಳ ಎಣಿಕೆ ಮಾಡಿದರು. ತಮ್ಮ ಫುಟ್‌ಬಾಲ್ ಟೀಮು ಗೆದ್ದ ವಾರ, ಸೋಮವಾರ ಕ್ಲಾಸಿಗೆ ವಿಶ್ವವಿದ್ಯಾಲಯದ ಹೆಸರಿರುವ ಬಟ್ಟೆ ಹಾಕಿಕೊಂಡು ಬರುವವರು ಜಾಸ್ತಿ. ಗೆದ್ದೆತ್ತಿನ ಬಾಲ ಹಿಡಿಯುವುದು ಎಲ್ಲ ಕಡೆಯೂ ಇದೆ. ಆದರೆ ಬೆಂಗಳೂರಿನಲ್ಲಿ 2017ರಲ್ಲೂ, 2019ರಲ್ಲೂ ಕೆಂಪು ಜೆರ್ಸಿ ಹಾಕಿಕೊಂಡು ಮೆಟ್ರೊ ಹತ್ತುವವರು ಕಡಿಮೆಯಾಗಲಿಲ್ಲ. ಕಂಠೀರವ ಸ್ಟೇಡಿಯಂನಲ್ಲಿ ವೆಸ್ಟ್ ಬ್ಲಾಕ್ ಬ್ಲೂಸ್ ಅಭಿಮಾನಿಗಳ ಗುಂಪು ಬಿಎಫ್‌ಸಿ ಸೋಲುತ್ತಿರುವಾಗಲೂ ಹಾಡು ನಿಲ್ಲಿಸುವುದಿಲ್ಲ. ಇದನ್ನು ನಾನು ತುಂಬಾ ಗೌರವಿಸುತ್ತೇನೆ. ಅಮೆರಿಕದ ಡೇನಿಯಲ್ ವಾನ್ ಎಂಬ ಮನೋವಿಜ್ಞಾನಿ ಹಲವು ವರ್ಷ ಅಭಿಮಾನಿಗಳ ಬಗ್ಗೆಯೇ ಕೆಲಸ ಮಾಡಿದವರು. ತನ್ನ ಊರಿನ ಟೀಮಿನ ಜೊತೆ ಗಟ್ಟಿಯಾಗಿ ನಂಟು ಇಟ್ಟುಕೊಂಡವರಲ್ಲಿ ಒಂಟಿತನ ಕಡಿಮೆ, ಜನರ ಮೇಲೆ ನಂಬಿಕೆ ಜಾಸ್ತಿ ಎಂದು ಅವರ ಅಧ್ಯಯನಗಳು ಹೇಳುತ್ತವೆ. ಇದಕ್ಕೆ ಟೀಮು ಗೆಲ್ಲಲೇಬೇಕು ಅಂತೇನಿಲ್ಲ. ಸುತ್ತಮುತ್ತ ಅದೇ ಟೀಮಿನ ಜನ ಇರಬೇಕು, ಅಷ್ಟೆ. ನಿಮಗೆ ಆ ಭಾಗ್ಯ ಮನೆಯೊಳಗೇ ಇದೆ. ಅಪ್ಪ ಪಕ್ಕದಲ್ಲಿ ಕೂತಿದ್ದಾರೆ. ಇದನ್ನೇ ಬಿಟ್ಟುಬಿಡಿ ಎಂದು ನಾನು ಹೇಗೆ ಹೇಳಲಿ?

ಬಿಡಬೇಡಿ, ನೋಡುವ ರೀತಿ ಬದಲಿಸಿ. ಪ್ರತಿ ಆಟಕ್ಕೂ ಅದರದೇ ಆದ ವೇಗ ಇದೆ. ಕಬಡ್ಡಿ 40 ನಿಮಿಷದ ಆಟ, ಒಂದು ರೈಡ್ 30 ಸೆಕೆಂಡ್. ಲೀಗಿನಲ್ಲಿ ಸೋಲುಗಳು ಬೇಗ ಬೇಗ ಬರುತ್ತವೆ, ಬೇಗ ಬೇಗ ಹೋಗಲೂ ಬೇಕು. 2024ರ ಸೀಸನ್ನಿನಲ್ಲಿ ಬುಲ್ಸ್ ಪಟ್ಟಿಯ ಕೊನೆಯಲ್ಲಿ ನಿಂತಿತು. ಅಂಥ ವರ್ಷದಲ್ಲಿ ಪ್ರತಿ ರಾತ್ರಿ ಫಲಿತಾಂಶಕ್ಕೆ ಅಳುತ್ತಾ ಕೂತರೆ ಮನುಷ್ಯ ಸೊರಗಿ ಹೋಗುತ್ತಾನೆ. ಅದರ ಬದಲು ಡಿಫೆನ್ಸ್ ನೋಡಿ. ಎಡ ಮೂಲೆಯವನು ರೈಡರ್‌ನ ಕಣಕಾಲಿಗೆ ಯಾವ ಕ್ಷಣದಲ್ಲಿ ಬೀಳುತ್ತಾನೆ, ಪಕ್ಕದವನು ಎಷ್ಟು ಬೇಗ ಬಂದು ಸೇರಿಕೊಳ್ಳುತ್ತಾನೆ, ಡೂ ಆರ್ ಡೈ ರೈಡ್‌ಗೆ (ಪಾಯಿಂಟ್ ತರದಿದ್ದರೆ ರೈಡರ್ ಔಟಾಗುವ ರೈಡ್) ಯಾರನ್ನು ಕಳಿಸುತ್ತಾರೆ. ಇಷ್ಟು ನೋಡಲು ಶುರು ಮಾಡಿದರೆ ಸೋತ ಮ್ಯಾಚಿನಲ್ಲೂ ಮೂರ್ನಾಲ್ಕು ಒಳ್ಳೆಯ ಟ್ಯಾಕಲ್ ಸಿಕ್ಕೇ ಸಿಗುತ್ತವೆ.

ರಣಜಿ ಇದಕ್ಕೆ ತೀರಾ ಬೇರೆ. ಲೀಗ್ ಮ್ಯಾಚು ನಾಲ್ಕು ದಿನ. ಅದನ್ನು ಟಿ20 ಥರ ಉಸಿರು ಬಿಗಿಹಿಡಿದು ನೋಡಲು ಸಾಧ್ಯವೇ ಇಲ್ಲ. ಬೆಳಗ್ಗೆ ಕಾಫಿ ಜೊತೆ ಸ್ಕೋರ್ ಕಾರ್ಡ್, ಸಂಜೆ ಇನ್ನೊಂದು ಸಲ. ಯಾವ ಹುಡುಗ ಹೊಸದಾಗಿ ಬಂದಿದ್ದಾನೆ, ಯಾರು ಎರಡು ಸೆಷನ್ ನಿಂತು ಆಡಿದರು, ಮೊದಲ ಇನಿಂಗ್ಸ್ ಮುನ್ನಡೆ ಸಿಕ್ಕಿತಾ, ಇಷ್ಟು ಸಾಕು. ಮೈಸೂರು, ಹುಬ್ಬಳ್ಳಿ, ಶಿವಮೊಗ್ಗದಲ್ಲೂ ಮ್ಯಾಚುಗಳು ನಡೆಯುತ್ತವೆ. ಒಂದು ದಿನ ರಜೆ ಹಾಕಿ ಅಪ್ಪನನ್ನು ಕರೆದುಕೊಂಡು ಹೋಗಿ. ಗದ್ದಲವಿಲ್ಲ, ಬ್ಯಾಟಿಗೆ ಚೆಂಡು ತಗುಲುವ ಶಬ್ದ ಕೂತಲ್ಲಿಗೇ ಕೇಳಿಸುತ್ತದೆ.

ಅಪ್ಪನ ಹತ್ತಿರ 1974ರ ಕಥೆ ಕೇಳಿದ್ದೀರಾ? ಆಗ ಅವರು ಕಾಲೇಜು ಹುಡುಗ ಇರಬೇಕು. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದು 1973ರ ನವೆಂಬರ್ 1ಕ್ಕೆ. ಅದೇ ಸೀಸನ್ನಿನಲ್ಲಿ ಬೆಂಗಳೂರಿನಲ್ಲಿ ಬಾಂಬೆ ವಿರುದ್ಧ ಸೆಮಿಫೈನಲ್. ಬಾಂಬೆ ಅದಕ್ಕೆ ಮುಂಚೆ ಸತತ 15 ವರ್ಷ ರಣಜಿ ಗೆದ್ದಿತ್ತು. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106 ಹೊಡೆದು ಕರ್ನಾಟಕ 385 ಮಾಡಿತು. ಪ್ರಸನ್ನ ಗಾವಸ್ಕರ್ ಅವರನ್ನು ಬೌಲ್ಡ್ ಮಾಡಿದರು, ಅಜಿತ್ ವಾಡೇಕರ್ ರನೌಟ್ ಆದರು, ಬಾಂಬೆ 307ಕ್ಕೆ ಮುಗಿಯಿತು. ಮೊದಲ ಇನಿಂಗ್ಸ್ ಮುನ್ನಡೆಯ ಮೇಲೆ ಕರ್ನಾಟಕ ಫೈನಲ್ ಸೇರಿತು. ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ರಣಜಿ ಗೆದ್ದಿತು.

ಈ ಗೆಲುವಿಗೆ ಎಷ್ಟು ವರ್ಷ ಕಾದಿದ್ದೆವು ಗೊತ್ತಾ? 1934ರ ನವೆಂಬರ್‌ನಲ್ಲಿ ಚೆಪಾಕ್‌ನಲ್ಲಿ ರಣಜಿ ಟ್ರೋಫಿಯ ಮೊಟ್ಟಮೊದಲ ಮ್ಯಾಚು ನಡೆಯಿತು. ಆಡಿದ್ದು ಮದ್ರಾಸ್ ಮತ್ತು ಮೈಸೂರು, ಅಂದರೆ ಆಗಿನ ನಮ್ಮ ಟೀಮು. ಮೈಸೂರು ಎರಡು ಇನಿಂಗ್ಸಿನಲ್ಲಿ 48 ಮತ್ತು 59 ರನ್ ಮಾಡಿ ಒಂದೇ ದಿನದಲ್ಲಿ ಸೋತಿತು. 2008ರ ಏಪ್ರಿಲ್ 18ಕ್ಕೆ ಐಪಿಎಲ್‌ನ ಮೊಟ್ಟಮೊದಲ ಮ್ಯಾಚು ಚಿನ್ನಸ್ವಾಮಿಯಲ್ಲಿ ನಡೆಯಿತು. ಕೋಲ್ಕತ್ತಾ ಟೀಮಿನ ಮೆಕಲಮ್ 158 ಹೊಡೆದರು, ಆರ್‌ಸಿಬಿ 82ಕ್ಕೆ ಆಲೌಟ್. ಎರಡು ದೊಡ್ಡ ಟೂರ್ನಿಗಳೂ ನಮ್ಮ ಟೀಮಿನ ಹೀನಾಯ ಸೋಲಿನಿಂದಲೇ ಶುರುವಾದವು. ಅಲ್ಲಿ 40 ವರ್ಷ, ಇಲ್ಲಿ 18 ಸೀಸನ್. ಅಷ್ಟು ಕಾಲ ಮೈಸೂರು ಟೀಮಿನ ಮ್ಯಾಚು ನೋಡಲು ಹೋಗುತ್ತಿದ್ದವರು ಕಪ್ ನೋಡಲು ಹೋಗುತ್ತಿರಲಿಲ್ಲ. ಆಟ ನೋಡಲು ಹೋಗುತ್ತಿದ್ದರು. ಕರ್ನಾಟಕ ಆಮೇಲೆ ಇನ್ನೂ ಏಳು ಸಲ ರಣಜಿ ಗೆದ್ದಿದೆ. 2014–15ರ ಫೈನಲ್‌ನಲ್ಲಿ ಕರುಣ್ ನಾಯರ್ 328 ಹೊಡೆದದ್ದು ನಿಮಗೆ ನೆನಪಿರಬೇಕು.

ಬಿಎಫ್‌ಸಿಯದು ಇದಕ್ಕೆ ಪೂರಾ ಉಲ್ಟಾ. 2013ರಲ್ಲಿ ಹುಟ್ಟಿ ಮೊದಲ ಸೀಸನ್ನಿನಲ್ಲೇ ಐ-ಲೀಗ್ ಗೆದ್ದಿತು. 2016ರಲ್ಲಿ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಫೈನಲ್ ಮುಟ್ಟಿದ ಮೊದಲ ಭಾರತೀಯ ಕ್ಲಬ್ ಆಯಿತು. ಅಲ್ಲಿ ಅಭಿಮಾನಿಗೆ ಕಾಯುವ ಕಷ್ಟವೇ ಇರಲಿಲ್ಲ. ಕಷ್ಟ ಬಂದದ್ದು ಆಮೇಲೆ. 2018ರ ಐಎಸ್‌ಎಲ್ ಫೈನಲ್‌ನಲ್ಲಿ ಕಂಠೀರವದಲ್ಲೇ ಚೆನ್ನೈಯಿನ್‌ಗೆ 3–2 ಸೋಲು. 2023ರಲ್ಲಿ ಪೆನಾಲ್ಟಿಯಲ್ಲಿ, 2025ರಲ್ಲಿ ಎಕ್ಸ್‌ಟ್ರಾ ಟೈಮ್‌ನಲ್ಲಿ ಫೈನಲ್ ಸೋಲು. ಅದೇ 2025ರ ಜುಲೈಯಲ್ಲಿ ಮುಂದಿನ ಐಎಸ್‌ಎಲ್ ಸೀಸನ್ನನ್ನೇ ತಡೆಹಿಡಿದರು. ಮ್ಯಾಚು ಇದೆಯೋ ಇಲ್ಲವೋ ಅನ್ನುವ ಸ್ಥಿತಿ ಆಗ ಇತ್ತು. ನನ್ನ ಮಟ್ಟಿಗೆ ಸೋಲಿಗಿಂತ ಇದೇ ಕೆಟ್ಟದ್ದು. ಆಟ ನಡೆಯುತ್ತಿದ್ದರೆ ಸೋತವರು ಮುಂದಿನ ವಾರ ಗೆಲ್ಲಬಹುದು. ಫುಟ್‌ಬಾಲನ್ನು ಟಿವಿಯಲ್ಲಿ ನೋಡುವುದಕ್ಕಿಂತ ಸ್ಟೇಡಿಯಂಗೆ ಹೋಗಿ ನೋಡಿ. ನಿಮ್ಮ ನಾಲ್ಕು ಟೀಮುಗಳಲ್ಲಿ ಟಿಕೆಟ್ ಸುಲಭವಾಗಿ ಸಿಗುವ, ಮನೆಮಂದಿಯೆಲ್ಲ ಹೋಗಬಹುದಾದ ಜಾಗ ಅದೇ. ಜೊತೆಗೆ ಕೂಗಿದವರ ಸೋಲಿನ ಭಾರ ಸ್ಟೇಡಿಯಂನಲ್ಲೇ ಅರ್ಧ ಇಳಿದುಹೋಗುತ್ತದೆ. ಒಬ್ಬರೇ ಸೋಫಾದಲ್ಲಿ ಕೂತು ಸೋತರೆ ಪೂರ್ತಿ ನಿಮ್ಮ ಮೇಲೇ ಉಳಿಯುತ್ತದೆ.

ಉಳಿದದ್ದು ಆರ್‌ಸಿಬಿ. ಅದನ್ನು ಪೂರ್ತಿ ಮನಸ್ಸಿಟ್ಟು ನೋಡಿ, ಕೂಗಾಡಿ, ಟೆನ್ಷನ್ ಮಾಡಿಕೊಳ್ಳಿ. ವರ್ಷಕ್ಕೆ ಎರಡು ತಿಂಗಳು, ಲೀಗಿನಲ್ಲಿ 14 ಮ್ಯಾಚು. ಅಷ್ಟಕ್ಕೆ ಮನಸ್ಸು ತಡೆದುಕೊಳ್ಳುತ್ತದೆ. ವರ್ಷವಿಡೀ ನಾಲ್ಕು ಟೀಮಿಗೂ ಹೀಗೇ ಮಾಡಿದರೆ ಮಾತ್ರ ತಡೆದುಕೊಳ್ಳಲ್ಲ. ಐಎಸ್‌ಎಲ್, ರಣಜಿ, ಕಬಡ್ಡಿ, ಐಪಿಎಲ್ ಒಂದರ ಹಿಂದೆ ಒಂದು ಬರುತ್ತವೆ. ನಿಮಗೆ ಬಿಡುವೇ ಇಲ್ಲ.

ನಿದ್ದೆ ಬಗ್ಗೆ ಒಂದು ಉಪಾಯ ಹೇಳುತ್ತೇನೆ. ಇದರ ಹಿಂದೆ ಅಧ್ಯಯನ ಇದೆ. ಟಿಮೊಥಿ ವಿಲ್ಸನ್ ಮತ್ತು ಡೇನಿಯಲ್ ಗಿಲ್ಬರ್ಟ್ ಅವರ ತಂಡ 2000ದಲ್ಲಿ ಕಾಲೇಜು ಫುಟ್‌ಬಾಲ್ ಅಭಿಮಾನಿಗಳನ್ನು ಅಧ್ಯಯನ ಮಾಡಿತು. ಮ್ಯಾಚಿನ ಫಲಿತಾಂಶ ತಮ್ಮನ್ನು ಎಷ್ಟು ದಿನ ಕಾಡುತ್ತದೆ ಎಂದು ಅವರು ಅಂದಾಜು ಮಾಡಿದ್ದಕ್ಕಿಂತ ನಿಜವಾಗಿ ಕಾಡಿದ್ದು ಕಡಿಮೆ. ಮ್ಯಾಚಿಗೆ ಮುಂಚೆ, ಬರುವ ದಿನಗಳಲ್ಲಿ ತಾವು ಏನೇನು ಮಾಡುತ್ತೇವೆ ಎಂದು ಬರೆದಿಟ್ಟವರ ಅಂದಾಜು ಹೆಚ್ಚು ಹದವಾಗಿತ್ತು. ನೀವೂ ಮಾಡಿ. ಟಾಸ್‌ಗೆ ಮುಂಚೆ ಒಂದು ಚೀಟಿಯಲ್ಲಿ ನಾಳೆಯ ಕೆಲಸ ಬರೆದಿಡಿ. ಮಗಳನ್ನು ಸ್ಕೂಲಿಗೆ ಬಿಡಬೇಕು, ಹತ್ತೂವರೆಗೆ ಮೀಟಿಂಗ್, ಅಪ್ಪನ ಮಾತ್ರೆ ತರಬೇಕು. ಸೋತ ಮೇಲೆ ಮೊಬೈಲ್ ತೆಗೆಯದೆ ಆ ಚೀಟಿ ಓದಿ. ಸೋತ ರಾತ್ರಿ ಮೀಮ್ಸ್ ನೋಡುವುದು, ಎದುರಾಳಿ ಅಭಿಮಾನಿಗಳ ಜೊತೆ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಜಗಳ ಮಾಡುವುದು ನಿದ್ದೆಗೆ ಶತ್ರು.

ಇಷ್ಟಾದರೂ ಎರಡು ವಾರ ನಿದ್ದೆ, ಊಟ ಸರಿಹೋಗದಿದ್ದರೆ ಅದು ಬರೀ ಮ್ಯಾಚಿನ ವಿಷಯ ಅಲ್ಲದಿರಬಹುದು. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು. ಹಾಗೆಯೇ ಮ್ಯಾಚಿನ ಮೇಲೆ ದುಡ್ಡು ಕಟ್ಟುವ ಅಭ್ಯಾಸ ಇದೆಯಾ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ. ಪತ್ರದಲ್ಲಿ ನೀವು ಹಾಗೇನೂ ಬರೆದಿಲ್ಲ. ಆದರೂ ಇದನ್ನು ಎಲ್ಲರಿಗೂ ಕೇಳುತ್ತೇನೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು 2025ರ ಆಗಸ್ಟ್‌ನಲ್ಲೇ ಬಂದಿದೆ.

ಇನ್ನು ಅಪ್ಪ. ಈ ಭಾಗವನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. 2006ರಲ್ಲಿ ಜರ್ಮನಿಯಲ್ಲಿ ಫುಟ್‌ಬಾಲ್ ವಿಶ್ವಕಪ್ ನಡೆದಾಗ ಮ್ಯೂನಿಕ್ ಸುತ್ತಮುತ್ತಲಿನ ವೈದ್ಯರು ಹೃದಯದ ತುರ್ತು ಕೇಸುಗಳನ್ನು ಎಣಿಸಿದರು. ಜರ್ಮನಿ ಆಡಿದ ದಿನಗಳಲ್ಲಿ ಅವು 2.66 ಪಟ್ಟು ಇದ್ದವು. ಮೊದಲೇ ಹೃದಯದ ಕಾಯಿಲೆ ಇದ್ದವರಿಗೆ ಅಪಾಯ ಇನ್ನೂ ಜಾಸ್ತಿ. ಮ್ಯಾಚು ಶುರುವಾದ ಮೊದಲ ಎರಡು ಗಂಟೆಯಲ್ಲೇ ಹೆಚ್ಚು ಕೇಸು ಬಂದವು. ಅಪ್ಪನಿಗೆ ಮ್ಯಾಚು ಬೇಡ ಎನ್ನಬೇಡಿ, ಅದು ಅವರ ಜೀವನದ ದೊಡ್ಡ ಖುಷಿ. ಹೃದಯದ ಡಾಕ್ಟರ್ ಹತ್ತಿರ ಹೋದಾಗ ಇದನ್ನು ಬಾಯಿಬಿಟ್ಟು ಕೇಳಿ. ಮ್ಯಾಚಿನ ದಿನ ಮಾತ್ರೆ ತಪ್ಪದಿರಲಿ. ಕೊನೆಯ ಎರಡು ಓವರಿಗೆ ಎದ್ದು ಓಡಾಡಬೇಕು ಅನ್ನಿಸಿದರೆ ಓಡಾಡಲಿ, ಆಮೇಲೆ ಹೈಲೈಟ್ಸ್ ನೋಡಬಹುದು. ಎದೆನೋವು, ಬೆವರು, ಉಸಿರಾಟದ ಕಷ್ಟ ಏನೇ ಬಂದರೂ ಈ ಓವರ್ ಮುಗಿಯಲಿ ಎಂದು ಕಾಯಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ. ಇನ್ನೊಂದು ಮಾತು: ಪಕ್ಕದಲ್ಲಿ ಕೂತ ನೀವು ಕಿರುಚಾಡಿದಷ್ಟೂ ಅವರ ಎದೆಬಡಿತ ಏರುತ್ತದೆ.

ಜೂನ್ 4ರ ಬಗ್ಗೆ ಬರೆದಿದ್ದೀರಿ. 18 ಸೀಸನ್ ಕಾದು ಗೆದ್ದ ಮರುದಿನ ಚಿನ್ನಸ್ವಾಮಿಯ ಹೊರಗೆ ಕಾಲ್ತುಳಿತದಲ್ಲಿ 11 ಜನ ಪ್ರಾಣ ಕಳೆದುಕೊಂಡರು. ಹೆಚ್ಚಿನವರು ಚಿಕ್ಕ ವಯಸ್ಸಿನವರು. ಅವರೂ ನಿಮ್ಮ ಹಾಗೆಯೇ ಟೀಮನ್ನು ಪ್ರೀತಿಸಿದವರು. ಖುಷಿ ಪಡಬೇಕೋ ಬೇಡವೋ ಎಂದು ಗೊಂದಲವಾದದ್ದು ಸರಿಯಾಗಿಯೇ ಇದೆ. ಆ ಎರಡು ದಿನಗಳನ್ನು ಒಂದರ ಜೊತೆ ಒಂದು ತೂಗಬೇಡಿ. ಜೂನ್ 3ರ ರಾತ್ರಿ ಅಪ್ಪನನ್ನು ತಬ್ಬಿಕೊಂಡು ಕುಣಿದಿದ್ದರೆ ಅದರಲ್ಲಿ ತಪ್ಪಿಲ್ಲ. ಮರುದಿನ ಬಂದ ದುಃಖವನ್ನು ಕಪ್ ಬಂತಲ್ಲ ಎಂದು ಮುಚ್ಚಿಹಾಕುವುದೂ ಬೇಡ. ಮುಂದೆ ಇಂಥ ಸಂಭ್ರಮ ಬಂದಾಗ ಟಿಕೆಟ್ ಇಲ್ಲದೆ, ಪಾಸ್ ಇಲ್ಲದೆ ಗೇಟಿನ ಹತ್ತಿರ ಹೋಗಬೇಡಿ, ಮಗಳನ್ನಂತೂ ಕರೆದೊಯ್ಯಲೇಬೇಡಿ. ಎಲ್ಲೇ ಆಗಲಿ, ಗುಂಪು ಒತ್ತಿ ಬರಲು ಶುರುವಾಯಿತು, ಕೈ ಎತ್ತಲು ಜಾಗವಿಲ್ಲ ಅನ್ನಿಸಿದ ಕೂಡಲೇ ಹೊರಟುಬಿಡಿ. ಸಿಕ್ಕಿಹಾಕಿಕೊಂಡರೆ ಎರಡೂ ಕೈ ಎದೆಯ ಮುಂದೆ ಮಡಿಸಿ ಉಸಿರಿಗೆ ಜಾಗ ಇಟ್ಟುಕೊಳ್ಳಿ. ಎದುರು ತಳ್ಳದೆ, ನೂಕು ಸ್ವಲ್ಪ ಸಡಿಲವಾದಾಗಲೆಲ್ಲ ಓರೆಯಾಗಿ ಅಂಚಿನ ಕಡೆ ಸರಿಯಿರಿ. ಬಿದ್ದ ಚಪ್ಪಲಿ, ಮೊಬೈಲ್ ಎತ್ತಿಕೊಳ್ಳಲು ಬಗ್ಗಬೇಡಿ.

ಕೊನೆಗೆ ನಿಮ್ಮ ಮಗಳು. ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಅವಳ ಪ್ರಶ್ನೆ. ಮಕ್ಕಳು ಸ್ಕೋರ್ ನೋಡುವುದಿಲ್ಲ, ಅಪ್ಪನ ಮುಖ ನೋಡುತ್ತಾರೆ. ಅಪ್ಪನ ಮೌನಕ್ಕೆ ತಾನೇ ಕಾರಣ ಇರಬೇಕು ಅಂದುಕೊಳ್ಳುವ ವಯಸ್ಸು ಅದು. ಮುಂದಿನ ಸಲ ಸೋತಾಗ ಅವಳ ಹತ್ತಿರ ಬಾಯಿಬಿಟ್ಟು ಹೇಳಿ: "ನಂಗೆ ಬೇಜಾರಾಗಿದೆ ಪುಟ್ಟಿ, ಮ್ಯಾಚು ಸೋತಿದ್ದಕ್ಕೆ. ನಿನ್ನ ಮೇಲಲ್ಲ. ಅರ್ಧ ಗಂಟೆ ಕೊಡು, ಆಮೇಲೆ ಊಟ ಮಾಡೋಣ." ಹೇಳಿದ ಮೇಲೆ ಅರ್ಧ ಗಂಟೆಗೆ ಸರಿಯಾಗಿ ಬಂದು ತಟ್ಟೆ ಮುಂದೆ ಕೂರಿ. ಊಟದ ಹೊತ್ತಿಗೆ ಇವತ್ತು ಯಾರು ಚೆನ್ನಾಗಿ ಆಡಿದರು ಎಂದು ಅವಳನ್ನೇ ಕೇಳಿ.

ಅವಳಿಗೆ ಆರ್‌ಸಿಬಿಯ ಹೆಣ್ಣುಮಕ್ಕಳ ಟೀಮನ್ನೂ ತೋರಿಸಿ. ಅವರು 2023ರಲ್ಲಿ ಹೆಣ್ಣುಮಕ್ಕಳ ಲೀಗ್ ಡಬ್ಲ್ಯುಪಿಎಲ್‌ನಲ್ಲಿ ಮೊದಲ ಐದು ಮ್ಯಾಚು ಸತತವಾಗಿ ಸೋತವರು. ಮರುವರ್ಷ ಮಾರ್ಚ್ 17ಕ್ಕೆ ದೆಹಲಿಯಲ್ಲಿ ಫೈನಲ್. ಎದುರಾಳಿ ಡೆಲ್ಲಿ ವಿಕೆಟ್ ಕಳೆದುಕೊಳ್ಳದೆ 64 ರನ್ ಮಾಡಿತ್ತು. ಅಲ್ಲಿಂದ ಸೋಫಿ ಮೋಲಿನೊ ಒಂದೇ ಓವರಿನಲ್ಲಿ ಮೂರು ವಿಕೆಟ್ ತೆಗೆದರು. ನಮ್ಮ ಕನ್ನಡದ ಹುಡುಗಿ ಶ್ರೇಯಾಂಕಾ ಪಾಟೀಲ್ 12 ರನ್ನಿಗೆ 4 ವಿಕೆಟ್ ಕಿತ್ತರು. ಡೆಲ್ಲಿ 113ಕ್ಕೆ ಆಲೌಟ್. ಸ್ಮೃತಿ ಮಂದಾನ ಎತ್ತಿದ ಆ ಕಪ್, ಆರ್‌ಸಿಬಿ ಹೆಸರಿಗೆ ಬಂದ ಮೊದಲ ಕಪ್. ಗಂಡಸರ ಟೀಮು ಗೆಲ್ಲುವುದಕ್ಕೆ ಒಂದು ವರ್ಷಕ್ಕಿಂತ ಜಾಸ್ತಿ ಮುಂಚೆ. ನಿಮ್ಮ ಪತ್ರದಲ್ಲಿ ಈ ಟೀಮಿನ ಹೆಸರೇ ಇಲ್ಲ. ಐದನೇ ಟೀಮಾಗಿ ಅದನ್ನು ಮಗಳ ಜೊತೆ ಶುರು ಮಾಡಿ. ಯಾವ ಆಟಗಾರ್ತಿ ಇಷ್ಟ ಎಂದು ಅವಳೇ ಆರಿಸಿಕೊಳ್ಳಲಿ. ಅವಳು ಮುಂಬೈ ಟೀಮಿನವರನ್ನು ಆರಿಸಿಕೊಂಡರೂ ಬೇಡ ಅನ್ನಬೇಡಿ.